ಚಿನ್ನದ ಗಣಿಯಲ್ಲಿ ಕಣಗಳ ಎಣಿಕೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಮಾತಿಗೆ ಕರೆಯುವಾಗ ಮಹೋತ್ಸವ ಸಮಿತಿಯವರು ಒಂದೇ ಒಂದು ಷರತ್ತು ಹಾಕಿದರು. "ನೀವು ಇಷ್ಟು ವರ್ಷ ಮಾಡಿದ ಕೆಲಸದ ಬಗ್ಗೆಯೇ ಹೇಳಿ, ಆದರೆ ನಮಗೆ ಅರ್ಥ ಆಗಬೇಕು" ಎಂದರು. ನ್ಯಾಯವಾದ ಷರತ್ತು. ನಾನು ಭೌತಶಾಸ್ತ್ರದವನು. ಲೋಹಗಳನ್ನು ಬಹಳ ತಣ್ಣಗೆ ಮಾಡಿ, ಅವುಗಳಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆ ಎಂದು ನೋಡುವುದು ಮೂವತ್ತು ವರ್ಷ ನನ್ನ ಕಸುಬಾಗಿತ್ತು. ಇದಕ್ಕೆ ಕಂಡೆನ್ಸ್ಡ್ ಮ್ಯಾಟರ್ ಫಿಸಿಕ್ಸ್ ಎನ್ನುತ್ತಾರೆ. ಘನ ಮತ್ತು ದ್ರವ ವಸ್ತುಗಳ ಭೌತಶಾಸ್ತ್ರ ಎಂದುಕೊಳ್ಳಿ. ಇದರ ಪಕ್ಕದ ಮನೆಯೇ ಕಣ ಭೌತಶಾಸ್ತ್ರ. ವಸ್ತುವನ್ನು ಒಡೆಯುತ್ತಾ ಒಡೆಯುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತದೆ ಎಂದು ಕೇಳುವ ಶಾಸ್ತ್ರ ಅದು.

ಈ ಎರಡೂ ಮನೆಗಳ ಮಾತು ಹೇಳಬೇಕು. ಅದಕ್ಕೆ ಯೂರೋಪಿಗೋ ಅಮೆರಿಕಕ್ಕೋ ಮೊದಲು ಹೋಗಬೇಕಾಗಿಲ್ಲ. ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಸಾಕು. ಕೆ.ಜಿ.ಎಫ್.

ನಾನು ಈ ಶಾಲೆಯಲ್ಲಿ 1978ರಿಂದ 1981ರವರೆಗೆ ಓದಿದೆ. ಆಗ ನಮಗೆ ಕೆ.ಜಿ.ಎಫ್. ಎಂದರೆ ಗೊತ್ತಿದ್ದುದು ಚಿನ್ನ, ದೂರದಿಂದ ಕಾಣುವ ಸೈನೈಡ್ ಗುಡ್ಡ, ಪಾಳಿ ಮುಗಿಸಿ ಬರುವ ಗಣಿ ಕೆಲಸಗಾರರು. ನಾವು ಹತ್ತನೆಯ ತರಗತಿಯಲ್ಲಿ ಕೂತು "ಪ್ರೋಟಾನ್ ಧನ ಆವೇಶವುಳ್ಳ ಕಣ" ಎಂದು ಬಾಯಿಪಾಠ ಮಾಡುತ್ತಿದ್ದ 1980ರ ಕೊನೆಯ ಆ ತಿಂಗಳುಗಳಲ್ಲೇ, ಅದೇ ಗಣಿಯ ಆಳದಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, 140 ಟನ್ ಕಬ್ಬಿಣ ಪೇರಿಸಿಟ್ಟು, ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ಕಾದು ಕೂತವರಿದ್ದರು. ಅದಕ್ಕೆಂದೇ ಕಟ್ಟಿದ ಪ್ರಯೋಗಗಳಲ್ಲಿ ಜಗತ್ತಿನಲ್ಲೇ ಮೊದಲನೆಯದು ಅದು. ನಮ್ಮ ತಾಲ್ಲೂಕಿನ ಒಂದು ಶಾಲೆಗೂ ಅದರ ಸುದ್ದಿ ಬಂದಿರಲಿಲ್ಲ. ಈ ಮಾತನ್ನು ದೂರುವುದಕ್ಕಲ್ಲ, ಯಾಕೆ ಇವತ್ತು ಈ ವಿಷಯ ಆರಿಸಿಕೊಂಡೆ ಎಂದು ತಿಳಿಸುವುದಕ್ಕೆ ಹೇಳುತ್ತಿದ್ದೇನೆ.

ಗಣಿಗೆ ಯಾಕೆ ಇಳಿದರು?

ಮಕ್ಕಳೆ, ನಿಮ್ಮ ಅಂಗೈಯನ್ನು ಆಕಾಶದ ಕಡೆ ಚಾಚಿ. ಈಗ, ಈ ಕ್ಷಣ, ಸೆಕೆಂಡಿಗೆ ಒಂದೋ ಎರಡೋ ಕಣಗಳು ಅಂಗೈಯನ್ನು ತೂರಿಕೊಂಡು ಹೋಗುತ್ತಿವೆ. ಇವುಗಳ ಹೆಸರು ಮ್ಯುಯಾನ್. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಹುಟ್ಟುತ್ತವೆ. ನೋವಿಲ್ಲ, ಗುರುತಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದಲೂ ಬೀಳುತ್ತಿರುವ ಸೋನೆ ಮಳೆ ಇದು.

ಅದೇ ಬಡಿತದಲ್ಲಿ ಇನ್ನೊಂದು ಕಣವೂ ಹುಟ್ಟುತ್ತದೆ. ಅದು ನ್ಯೂಟ್ರಿನೋ. ಇದು ಬಹಳ ಸಂಕೋಚದ ಕಣ. ಯಾವುದರ ಜೊತೆಗೂ ಸುಲಭಕ್ಕೆ ಬೆರೆಯುವುದಿಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೋಗಳನ್ನೇ ಲೆಕ್ಕ ಹಾಕಿದರೆ, ನಿಮ್ಮ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು ಹಾದುಹೋಗುತ್ತವೆ. ಅವು ಭೂಮಿಯನ್ನೇ ಈ ಕಡೆಯಿಂದ ಆ ಕಡೆಗೆ ದಾಟಿ ಹೋಗುತ್ತವೆ. ಎಲ್ಲೋ ಕೋಟ್ಯಂತರದಲ್ಲಿ ಒಂದು ದಾರಿಯಲ್ಲಿನ ಪರಮಾಣುವಿಗೆ ತಾಗುತ್ತದೆ. ಆ ಒಂದನ್ನು ಹಿಡಿಯಬೇಕು. ಆದರೆ ನೆಲದ ಮೇಲೆ ಮ್ಯುಯಾನುಗಳ ಮಳೆಯೇ ಸುರಿಯುತ್ತಿರುವಾಗ ಆ ಒಂದು ಹನಿಯನ್ನು ಗುರುತಿಸುವುದು ಹೇಗೆ? ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಆದ್ದರಿಂದ ಸಂತೆಯಿಂದ ದೂರ ಹೋಗಬೇಕು. ಮಳೆ ತಪ್ಪಿಸಿಕೊಳ್ಳಲು ನಾವು ಸೂರಿನ ಕೆಳಗೆ ನಿಲ್ಲುತ್ತೇವಲ್ಲ, ಹಾಗೆ ಬಂಡೆಯ ಸೂರಿನ ಕೆಳಗೆ ನಿಲ್ಲಬೇಕು. ಸೂರು ದಪ್ಪವಾದಷ್ಟೂ ಮ್ಯುಯಾನು ಕಡಿಮೆ.

ಅಷ್ಟು ದಪ್ಪದ ಸೂರು ಜಗತ್ತಿನಲ್ಲಿ ಎಲ್ಲಿತ್ತು? ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ನಮ್ಮ ಕೋಲಾರದ ಚಾಂಪಿಯನ್ ರೀಫ್.

ಈ ಕಥೆ ಶುರುವಾಗುವುದು ಬೆಂಗಳೂರಿನಲ್ಲಿ. 1939ರಲ್ಲಿ ಹೋಮಿ ಭಾಭಾ ಇಂಗ್ಲೆಂಡಿನಿಂದ ರಜೆಗೆಂದು ಬಂದಿದ್ದಾಗ ಎರಡನೆಯ ಮಹಾಯುದ್ಧ ಶುರುವಾಯಿತು. ಹಿಂದಿರುಗಲಾಗಲಿಲ್ಲ. ಸಿ.ವಿ. ರಾಮನ್ ಅವರಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗದಲ್ಲಿ, ಭಾಭಾ ವಿಶ್ವಕಿರಣಗಳ ಸಂಶೋಧನೆ ಆರಂಭಿಸಿದರು. 1945ರಲ್ಲಿ ಅವರು ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲು ಅಲ್ಲೇ ಇದ್ದು, ಅದೇ ವರ್ಷ ಮುಂಬೈಗೆ ಹೋಯಿತು. ಅಲ್ಲಿಗೆ ಸೇರಿದ ಯುವಕರಲ್ಲಿ ಒಬ್ಬರು ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್. 1950ರ ದಶಕದ ಆರಂಭದಲ್ಲಿ ಭಾಭಾ ಅವರನ್ನು ಕೋಲಾರದ ಗಣಿಗೆ ಕಳಿಸಿದರು. ಒಂದೊಂದು ಆಳದಲ್ಲಿ ಎಷ್ಟೆಷ್ಟು ಮ್ಯುಯಾನು ಸಿಗುತ್ತದೆ, ಎಣಿಸಿಕೊಂಡು ಬಾ ಎಂಬುದು ಕೆಲಸ. ಇದೇ ಶ್ರೀಕಂಠನ್ ಮುಂದೆ 1975ರಿಂದ 1987ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದರು.

ಸೊನ್ನೆಯೂ ಒಂದು ಉತ್ತರ

ಎಣಿಕೆ ಹತ್ತು ವರ್ಷ ನಡೆಯಿತು. 1960ರ ಹೊತ್ತಿಗೆ ಇನ್ನೊಂದು ತಂಡ ಸುಮಾರು 2.7 ಕಿಲೋಮೀಟರ್ ಆಳದವರೆಗೆ ಉಪಕರಣ ಇಳಿಸಿತು. ಅತ್ಯಂತ ಕೆಳಗಿನ ಜಾಗದಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯುಯಾನು ಸಿಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಮನೆಯಲ್ಲಿ ಏನಾಗುತ್ತದೆ ಎಂದು ನಿಮಗೆಲ್ಲ ಗೊತ್ತು. ಆದರೆ ಈ ಸೊನ್ನೆಯನ್ನು ನೋಡಿ ಅವರು ಸಂತೋಷಪಟ್ಟರು. ಉಪಕರಣ ಸರಿಯಾಗಿದೆ, ಎಣಿಕೆ ಸೊನ್ನೆ. ಹಾಗಾದರೆ ಇಲ್ಲಿ ಗದ್ದಲವೇ ಇಲ್ಲ. ಪಿಸುಮಾತು ಕೇಳಿಸಿಕೊಳ್ಳಲು ಇದೇ ಜಾಗ ಎಂದರ್ಥ. ಹಾಗೆ ಮುಂದಿನ ಪ್ರಯೋಗಕ್ಕೆ ಅಡಿಪಾಯವಾದದ್ದು ಆ ಸೊನ್ನೆ.

ಎಂ.ಜಿ.ಕೆ. ಮೆನನ್ ಅವರ ಮುಂದಾಳತ್ವದಲ್ಲಿ ಮುಂಬೈಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯ, ಮೂವರೂ ಸೇರಿ 2.3 ಕಿಲೋಮೀಟರ್ ಆಳದಲ್ಲಿ ಹೊಸ ಉಪಕರಣ ಕೂರಿಸಿದರು. ಅವರ ಉಪಾಯ ಸರಳ. ಇಷ್ಟು ಆಳಕ್ಕೆ ತಪ್ಪಿಸಿಕೊಂಡು ಬರುವ ಅಲ್ಪಸ್ವಲ್ಪ ಮ್ಯುಯಾನು ನೇರ ಮೇಲಿನಿಂದ ಬರಬೇಕು, ಯಾಕೆಂದರೆ ಅಡ್ಡಡ್ಡ ಬಂದರೆ ದಾಟಬೇಕಾದ ಬಂಡೆ ಇನ್ನೂ ಎಷ್ಟೋ ಪಟ್ಟು ದಪ್ಪ. ಆದ್ದರಿಂದ ಅಡ್ಡಲಾಗಿಯೋ ಕೆಳಗಿನಿಂದ ಮೇಲಕ್ಕೋ ಹೋಗುವ ಕಣದ ಗೆರೆ ಕಂಡರೆ, ಅದು ಸುತ್ತಲಿನ ಬಂಡೆಯಲ್ಲಿ ನ್ಯೂಟ್ರಿನೋ ತಾಗಿ ಹುಟ್ಟಿದ್ದು. ಎರಡು ಗೋಡೆಗಳಂತೆ ಉಪಕರಣ ನಿಲ್ಲಿಸಿ, ಅಡ್ಡ ಗೆರೆಗಾಗಿ ಕಾದರು. ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋವನ್ನು ಗುರುತಿಸಿದ ಆ ವರದಿ 1965ರ ಆಗಸ್ಟಿನಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇದೇ ಹುಡುಕಾಟದಲ್ಲಿತ್ತು. ಅವರಿಗೆ ಕಣ ಮೊದಲು ಕಂಡಿತ್ತು, ಅವರ ವರದಿ ಎರಡು ವಾರ ತಡವಾಗಿ ಹೊರಬಂತು. ಇಂದಿಗೂ ಈ ಎರಡೂ ಗಣಿಗಳ ಹೆಸರನ್ನು ಜೊತೆಯಲ್ಲೇ ಹೇಳುತ್ತಾರೆ.

ಆ ವರದಿಗಳಲ್ಲಿ ವಿಜ್ಞಾನಿಗಳ ಹೆಸರಿದೆ. ಪಂಜರದಂಥ ಲಿಫ್ಟಿನಲ್ಲಿ ಪೆಟ್ಟಿಗೆಗಳನ್ನು ಇಳಿಸಿದವರು, ಸುರಂಗಕ್ಕೆ ಮರದ ಆಧಾರ ಕೊಟ್ಟವರು, ಗಾಳಿ ಬೀಸಿಸಿದವರು, ನೀರು ಹೊರಹಾಕಿದವರು ಗಣಿ ಕೆಲಸಗಾರರು. ಆಳಕ್ಕೆ ಹೋದಂತೆ ಬಂಡೆಯೇ ಬಿಸಿಯಾಗುತ್ತದೆ. ಒತ್ತಡಕ್ಕೆ ಬಂಡೆ ಸಿಡಿಯುವ ಭಯ ಬೇರೆ. ಅವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿ ಇದ್ದಾರೆ. ನಿಮ್ಮ ಮನೆಯ ಹಿರಿಯರು ತೆಗೆದದ್ದು ಚಿನ್ನ ಮಾತ್ರ ಅಲ್ಲ ಎಂದು ನೀವು ತಿಳಿದಿರಬೇಕು.

ಪ್ರೋಟಾನಿನ ಆಯಸ್ಸು

ಈಗ ನಾವು ಹತ್ತನೆಯ ತರಗತಿಯಲ್ಲಿದ್ದಾಗ ನಡೆಯುತ್ತಿದ್ದ ಪ್ರಯೋಗಕ್ಕೆ ಬರೋಣ. 1970ರ ದಶಕದಲ್ಲಿ ಸಿದ್ಧಾಂತ ಮಾಡುವವರು, ಅಂದರೆ ಕಾಗದ ಪೆನ್ಸಿಲಿನ ಭೌತಶಾಸ್ತ್ರಜ್ಞರು, ಒಂದು ದೊಡ್ಡ ಮಾತು ಹೇಳಿದರು. ನಿಸರ್ಗದ ಮೂರು ಬಲಗಳು ಮೂಲದಲ್ಲಿ ಒಂದೇ ಆಗಿದ್ದರೆ, ಪ್ರೋಟಾನ್ ಶಾಶ್ವತವಲ್ಲ. ಎಂದಾದರೂ ಒಡೆದು ಹಗುರವಾದ ಕಣಗಳಾಗುತ್ತದೆ. ಹೀಗೆ ಹೇಳಿದವರಲ್ಲಿ ಒಡಿಶಾದ ಜೋಗೇಶ್ ಪತಿ ಮತ್ತು ಪಾಕಿಸ್ತಾನದ ಅಬ್ದುಸ್ ಸಲಾಂ ಒಂದು ಜೋಡಿ, ಅಮೆರಿಕದ ಜಾರ್ಜಿ ಮತ್ತು ಗ್ಲಾಶೋ ಇನ್ನೊಂದು ಜೋಡಿ. ಆಯಸ್ಸು ಎಷ್ಟು ಎಂದರೆ 1ರ ಮುಂದೆ 30 ಅಥವಾ 31 ಸೊನ್ನೆ ಹಾಕಿದರೆ ಆಗುವಷ್ಟು ವರ್ಷ. ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಬರೆದರೆ ಹನ್ನೊಂದು ಅಂಕಿ.

ಅಷ್ಟು ಕಾಲ ಯಾರು ಕಾಯುತ್ತಾರೆ ಎಂದು ನೀವು ಕೇಳಬಹುದು. ಕಾಯಬೇಕಾಗಿಲ್ಲ. ಮನುಷ್ಯರ ಆಯಸ್ಸು ತಿಳಿಯಲು ಒಬ್ಬನ ಪಕ್ಕದಲ್ಲಿ ನೂರು ವರ್ಷ ಕೂರಬೇಕೇ? ಒಂದು ದೊಡ್ಡ ಊರಿನ ಜನನ ಮರಣದ ರಿಜಿಸ್ಟರನ್ನು ಒಂದು ವರ್ಷ ನೋಡಿದರೆ ಸಾಕಲ್ಲ! ಹಾಗೆಯೇ ಇಲ್ಲೂ. ಒಂದು ಟನ್ ಕಬ್ಬಿಣದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಎರಡನ್ನೂ ಸೇರಿಸಿದರೆ 6ರ ಮುಂದೆ 29 ಸೊನ್ನೆ ಹಾಕುವಷ್ಟು ಕಣಗಳಿವೆ. 140 ಟನ್ ಇಟ್ಟುಕೊಂಡರೆ, ಆಯಸ್ಸು 31 ಸೊನ್ನೆಯಷ್ಟಾದರೆ, ವರ್ಷಕ್ಕೆ ಸುಮಾರು ಎಂಟು ಸಾವು ಕಾಣಬೇಕು. ಬಹಳ ದೊಡ್ಡ ಊರು ಕಟ್ಟಿ, ಸಾವಿನ ರಿಜಿಸ್ಟರ್ ಬರೆಯಲು ಕೂತರು. ಅಷ್ಟೇ.

ಭಾರತ ಮತ್ತು ಜಪಾನಿನ ತಂಡ ಕಬ್ಬಿಣದ ತಟ್ಟೆಗಳ ನಡುವೆ ಸಾಲುಸಾಲಾಗಿ ಕಣ ಎಣಿಸುವ ಕೊಳವೆಗಳನ್ನು ಜೋಡಿಸಿತು. ಕೆಲವು ಗೆರೆಗಳು ಕಂಡವು. ಇವು ಪ್ರೋಟಾನ್ ಕ್ಷಯ ಇರಬಹುದು ಎಂದು ತಂಡ 1980ರ ದಶಕದ ಆರಂಭದಲ್ಲಿ ಪ್ರಕಟಿಸಿತು. ಜಗತ್ತಿನ ಗಮನ ಕೋಲಾರದ ಕಡೆ ತಿರುಗಿತು. 1985ರಲ್ಲಿ 260 ಟನ್ನಿನ ಎರಡನೆಯ ಉಪಕರಣವೂ ಬಂತು. ಆದರೆ ಅಷ್ಟರಲ್ಲಿ ಅಮೆರಿಕದ ಓಹಾಯೋದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಾಮಿಯೋಕ ಗಣಿಯಲ್ಲಿ, ಸಾವಿರಾರು ಟನ್ ಶುದ್ಧ ನೀರು ತುಂಬಿದ ತೊಟ್ಟಿಗಳು ಎದ್ದು ನಿಂತಿದ್ದವು. ಊರು ಇನ್ನೂ ದೊಡ್ಡದು. ಅಲ್ಲಿ ಪ್ರೋಟಾನ್ ಸಾಯಲಿಲ್ಲ. ಕೋಲಾರದ ಗೆರೆಗಳು ದೃಢವಾಗಲಿಲ್ಲ. ಇವತ್ತಿನ ಲೆಕ್ಕದಲ್ಲಿ, ಪ್ರೋಟಾನ್ ಒಡೆಯಬಹುದಾದ ಮುಖ್ಯ ದಾರಿಯಲ್ಲಿ ಅದರ ಆಯಸ್ಸು 1ರ ಮುಂದೆ 34 ಸೊನ್ನೆಗಿಂತಲೂ ಹೆಚ್ಚು. ಆ ಸಿದ್ಧಾಂತಗಳಲ್ಲಿ ಅತ್ಯಂತ ಸರಳವೂ ಸುಂದರವೂ ಆಗಿದ್ದದ್ದು ಇದರಿಂದ ಬಿದ್ದುಹೋಯಿತು. ಕಾಗದದ ಮೇಲೆ ಎಷ್ಟೇ ಚೆಂದವಾಗಿರಲಿ, ರಿಜಿಸ್ಟರಿನಲ್ಲಿ ಸಾವು ಇಲ್ಲದಿದ್ದರೆ ಇಲ್ಲ.

ಹಾಗಾದರೆ ಎಲ್ಲ ವ್ಯರ್ಥವಾಯಿತೇ? ಇಲ್ಲ. ಪ್ರೋಟಾನ್ ಕ್ಷಯ ಹುಡುಕುವಾಗ ದಾರಿಗೆ ಅಡ್ಡ ಬರುವ ಕಸ ಯಾವುದು ಗೊತ್ತೇ? ವಾತಾವರಣದ ನ್ಯೂಟ್ರಿನೋ. 1965ರಲ್ಲಿ ಕೋಲಾರದಲ್ಲಿ ಗುರುತಿಸಿದ್ದ ಅದೇ ಕಣ. ಅದನ್ನು ಬೇರ್ಪಡಿಸಬೇಕಾದರೆ ಮೊದಲು ಅದನ್ನು ಸರಿಯಾಗಿ ಎಣಿಸಬೇಕು. ಕಾಮಿಯೋಕದಲ್ಲಿ ಎಣಿಸಿದರು. ಲೆಕ್ಕ ತಾಳೆಯಾಗಲಿಲ್ಲ, ಒಂದು ಬಗೆಯ ನ್ಯೂಟ್ರಿನೋ ಕಡಿಮೆ ಬರುತ್ತಿತ್ತು. ಈ ನಡುವೆ 1987ರ ಫೆಬ್ರವರಿ 23ರಂದು, ನಮ್ಮ ಪಕ್ಕದ ನಕ್ಷತ್ರಪುಂಜದಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೋಗಳೂ ಅದೇ ತೊಟ್ಟಿಗಳಲ್ಲಿ ಸಿಕ್ಕವು. ಕಾಮಿಯೋಕದಲ್ಲಿ ಹನ್ನೊಂದು, ಓಹಾಯೋದಲ್ಲಿ ಎಂಟು. ಆಮೇಲೆ 50,000 ಟನ್ ನೀರಿನ ಹೊಸ ತೊಟ್ಟಿ ಕಟ್ಟಿದರು. 1998ರಲ್ಲಿ ಉತ್ತರ ಸಿಕ್ಕಿತು. ನ್ಯೂಟ್ರಿನೋಗಳು ದಾರಿಯಲ್ಲಿ ತಮ್ಮ ಬಗೆಯನ್ನು ಬದಲಿಸುತ್ತವೆ, ಅಂದರೆ ಅವಕ್ಕೆ ತೂಕವಿದೆ. 2015ರ ನೊಬೆಲ್ ಪ್ರಶಸ್ತಿಯಲ್ಲಿ ಜಪಾನಿನ ತಕಾಕಿ ಕಜಿತ ಅವರ ಪಾಲು ಈ ಕೆಲಸಕ್ಕೆ ಬಂದದ್ದು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಆದರೆ ಕಸವನ್ನೂ ಶ್ರದ್ಧೆಯಿಂದ ಎಣಿಸಿದವರಿಗೆ ಮಾತ್ರ ಸಿಕ್ಕಿತು.

ತಣ್ಣನೆಯ ಲೋಹ ಕಲಿಸಿದ ಪಾಠ

ಈಗ ನನ್ನ ಮನೆಯ ಮಾತು. 1911ರಲ್ಲಿ ಹಾಲೆಂಡಿನ ಕಾಮರ್‌ಲಿಂಗ್ ಓನ್ಸ್ ಪಾದರಸವನ್ನು ಮೈನಸ್ 269 ಡಿಗ್ರಿಯವರೆಗೆ ತಣ್ಣಗೆ ಮಾಡಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಕಡಿಮೆಯಾಯಿತು ಎಂದಲ್ಲ, ಇಲ್ಲವಾಯಿತು. ಇದನ್ನು ಅತಿವಾಹಕತೆ, ಸೂಪರ್‌ಕಂಡಕ್ಟಿವಿಟಿ ಎನ್ನುತ್ತಾರೆ. ಇಲ್ಲೂ ಸೊನ್ನೆಯೇ ನೋಡಿ.

ಈ ಸೊನ್ನೆಯನ್ನು ಅಳೆಯಲು ನಾವು ಲೋಹದ ತುಣುಕಿಗೆ ಎರಡಲ್ಲ, ನಾಲ್ಕು ತಂತಿ ಬೆಸೆಯುತ್ತೇವೆ. ಹೊರಗಿನ ಎರಡರಲ್ಲಿ ಕರೆಂಟು ಹರಿಸಿ, ಒಳಗಿನ ಎರಡರಲ್ಲಿ ವೋಲ್ಟೇಜು ನೋಡುತ್ತೇವೆ. ಎರಡೇ ತಂತಿಯಲ್ಲಿ ಅಳೆದರೆ ತಂತಿಯ ರೋಧ, ಬೆಸುಗೆಯ ರೋಧ ಎಲ್ಲ ಸೇರಿಕೊಂಡು, ಲೋಹದ ಸೊನ್ನೆ ನಮಗೆ ಕಾಣುವುದೇ ಇಲ್ಲ. ನನ್ನ ವಿದ್ಯಾರ್ಥಿಗಳು ಕಲಿಯುವ ಮೊದಲ ಕೆಲಸ ಈ ಬೆಸುಗೆ. ಕೈ ನಡುಗಬಾರದು. ಪುಸ್ತಕದಲ್ಲಿ ಇದನ್ನು ಓದಲು ಐದು ನಿಮಿಷ ಸಾಕು, ಕೈಗೆ ಬರಲು ಆರು ತಿಂಗಳು ಬೇಕು.

ಅತಿವಾಹಕಕ್ಕೆ ಇನ್ನೊಂದು ಗುಣವಿದೆ. ಅದು ಕಾಂತಕ್ಷೇತ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊರಗಿನ ಕಾಂತಕ್ಷೇತ್ರ ಮೇಲ್ಮೈಯಲ್ಲಿ, ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳು ಪದರದಲ್ಲಿ ಸತ್ತುಹೋಗುತ್ತದೆ. ಹೊರಗೆ ಎಷ್ಟು ದೂರವಾದರೂ ಹೋಗಬಲ್ಲ ಬಲ, ಒಳಗೆ ಕಾಲಿಟ್ಟ ಕೂಡಲೇ ಸೋಲುತ್ತದೆ. ಬಲವನ್ನು ಹೊತ್ತೊಯ್ಯುವ ಕಣಕ್ಕೆ ಅಲ್ಲಿ ತೂಕ ಬಂದ ಹಾಗೆ. ಗಟ್ಟಿ ನೆಲದ ಮೇಲೆ ಓಡುವವನು ಕೆಸರು ಗದ್ದೆಗೆ ಇಳಿದ ಹಾಗೆ ಎಂದು ಬೇಕಾದರೆ ಊಹಿಸಿಕೊಳ್ಳಿ, ಹೋಲಿಕೆ ಪೂರ್ತಿ ಸರಿಯಲ್ಲದಿದ್ದರೂ.

ಅದೇ ಕಾಲದಲ್ಲಿ ಕಣ ಭೌತಶಾಸ್ತ್ರದವರಿಗೆ ಒಂದು ತಲೆನೋವಿತ್ತು. ಪರಮಾಣುವಿನ ಒಳಗೆ ಕೆಲಸ ಮಾಡುವ ದುರ್ಬಲ ಬಲ ಬಹಳ ಹತ್ತಿರದಲ್ಲಿ ಮಾತ್ರ ನಡೆಯುತ್ತದೆ. ಹಾಗಿದ್ದರೆ ಅದನ್ನು ಒಯ್ಯುವ ಕಣಕ್ಕೆ ತೂಕ ಇರಬೇಕು. ಆದರೆ ಅವರ ಸಮೀಕರಣಗಳು ತೂಕ ಇರಕೂಡದು ಎನ್ನುತ್ತಿದ್ದವು. ಯೋಯಿಚಿರೋ ನಂಬು ಅತಿವಾಹಕದ ಸಿದ್ಧಾಂತವನ್ನು ಓದಿ ಅಲ್ಲಿನ ವಿಚಾರವನ್ನು ಕಣಗಳ ಲೋಕಕ್ಕೆ ತಂದರು. ಫಿಲಿಪ್ ಆಂಡರ್ಸನ್, ಲೋಹಗಳ ಕಡೆಯವರು, ಅತಿವಾಹಕದ ಒಳಗೆ ಈ ತೊಡಕು ಈಗಾಗಲೇ ಬಿಡಿಸಿಕೊಂಡಿದೆ ಎಂದು 1963ರಲ್ಲಿ ತೋರಿಸಿದರು. 1964ರಲ್ಲಿ ಪೀಟರ್ ಹಿಗ್ಸ್ ಹಾಗೂ ಇನ್ನೂ ಕೆಲವರು ಅದನ್ನು ಇಡೀ ವಿಶ್ವಕ್ಕೆ ಹೊಂದಿಸಿದರು. ನಾವು ಖಾಲಿ ಎನ್ನುವ ಜಾಗವೇ ಒಂದು ರೀತಿಯ ಅತಿವಾಹಕದ ಹಾಗಿದೆ, ದುರ್ಬಲ ಬಲದ ಕಣಗಳು ಅದರಲ್ಲಿ ತೂಕ ಪಡೆಯುತ್ತವೆ ಎಂದರು. ಆ ಕಣಗಳು 1983ರಲ್ಲಿ ಸಿಕ್ಕವು, ಪ್ರೋಟಾನಿಗಿಂತ 80 ಪಟ್ಟಿಗೂ ಹೆಚ್ಚು ಭಾರ. ಸೂರ್ಯ ಒಮ್ಮೆಲೇ ಉರಿದುಹೋಗದೆ ಕೋಟ್ಯಂತರ ವರ್ಷ ನಿಧಾನವಾಗಿ ಬೆಳಗಲು ಈ ದುರ್ಬಲತೆಯೂ ಒಂದು ಕಾರಣ. ನಮ್ಮ ರಾಗಿ ಹೊಲದ ಬಿಸಿಲಿಗೂ ಇದಕ್ಕೂ ನೇರ ಸಂಬಂಧ.

ಕೊನೆಗೆ 2012ರ ಜುಲೈ 4ರಂದು ಜಿನೀವಾದ ಹತ್ತಿರದ ಸರ್ನ್ ಪ್ರಯೋಗಾಲಯ ಹಿಗ್ಸ್ ಕಣ ಸಿಕ್ಕಿತೆಂದು ಪ್ರಕಟಿಸಿತು. ಸಿದ್ಧಾಂತ ಬರೆದು 48 ವರ್ಷ ಆಗಿತ್ತು. ಆ ಕಣ ಹುಡುಕಲು ನೆಲದ ಕೆಳಗೆ 27 ಕಿಲೋಮೀಟರಿನ ಉಂಗುರ ಕಟ್ಟಿದ್ದರು. ಅದರಲ್ಲಿ ಪ್ರೋಟಾನುಗಳ ದಾರಿಯನ್ನು ಬಾಗಿಸುವ 1,232 ದೊಡ್ಡ ಕಾಂತಗಳಿವೆ, ಒಂದೊಂದೂ 15 ಮೀಟರ್ ಉದ್ದ. ಅವುಗಳ ತಂತಿ ಅತಿವಾಹಕದ್ದು, ಮೈನಸ್ 271 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. ಅಂದರೆ ಅತಿವಾಹಕ ಕಣ ಭೌತಶಾಸ್ತ್ರಕ್ಕೆ ವಿಚಾರವನ್ನೂ ಕೊಟ್ಟಿತು, ಆ ವಿಚಾರವನ್ನು ಪರೀಕ್ಷಿಸುವ ಹತಾರವನ್ನೂ ಕೊಟ್ಟಿತು. ಆ ಭಾರಿ ಕಾಂತಗಳನ್ನು ಕೂದಲೆಳೆಯಷ್ಟು ಸರಿಸಿ ಕೂರಿಸುವ ಸುಮಾರು 7,000 ಜಾಕುಗಳು ಹೋದದ್ದು ಭಾರತದಿಂದ. ಲಾರಿಯ ಜಾಕು ನೋಡಿದ್ದೀರಲ್ಲ, ಅದರದ್ದೇ ಬಹಳ ನಾಜೂಕಿನ ತಮ್ಮ.

"ಇದರಿಂದ ಏನು ಉಪಯೋಗ?"

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಒಬ್ಬ ಯಜಮಾನರು ನನ್ನನ್ನು ಕೇಳಿದರು, "ಅಲ್ಲಪ್ಪಾ, ಇಷ್ಟೆಲ್ಲ ಮಾಡಿದರೆ ನಮಗೇನು ಬಂತು?" ಸರಿಯಾದ ಪ್ರಶ್ನೆ. ಎರಡು ಉತ್ತರ ಕೊಡುತ್ತೇನೆ.

ಒಂದು, ಕೋಲಾರದ ದೊಡ್ಡಾಸ್ಪತ್ರೆಗೋ ಬೆಂಗಳೂರಿಗೋ ಹೋಗಿ ಎಂ.ಆರ್.ಐ. ಸ್ಕ್ಯಾನ್ ಮಾಡಿಸಿದವರು ನಿಮ್ಮಲ್ಲಿ ಇದ್ದೀರಿ. ಆ ಕೊಳವೆಯ ಸುತ್ತ ಇರುವುದು ಸಾಮಾನ್ಯವಾಗಿ ಅತಿವಾಹಕದ ಕಾಂತ, ದ್ರವ ಹೀಲಿಯಂನಲ್ಲಿ ತಣ್ಣಗೆ ಕೂತಿರುತ್ತದೆ. 1911ರಲ್ಲಿ ಪಾದರಸ ತಣ್ಣಗೆ ಮಾಡಿದವರಿಗೆ ಆಸ್ಪತ್ರೆಯ ಕಲ್ಪನೆ ಇರಲಿಲ್ಲ.

ಎರಡು, ನ್ಯೂಟ್ರಿನೋದಿಂದ ನಾಳೆ ಏನಾದರೂ ಉಪಯೋಗ ಬರುತ್ತದೆ ಎಂದು ನಾನು ಆಣೆ ಮಾಡಿ ಹೇಳಲಾರೆ. ಹಾಗೆ ಹೇಳಿ ನಿಮ್ಮನ್ನು ಒಪ್ಪಿಸುವುದು ಸರಿಯೂ ಅಲ್ಲ. ಆದರೆ ಬಂದದ್ದನ್ನು ಬಂದಂತೆ ಬರೆಯುವ, ಇಲ್ಲದ್ದನ್ನು ಇಲ್ಲ ಎನ್ನುವ ಅಭ್ಯಾಸ ಒಂದು ಊರಿಗೆ ಬೇಕೋ ಬೇಡವೋ? ಕೊಳವೆಬಾವಿ ಎಷ್ಟು ಅಡಿಗೆ ಹೋಯಿತು, ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಡೇರಿಯ ಹಾಲಿನ ಫ್ಯಾಟು ಎಷ್ಟು, ಇವೆಲ್ಲ ಅಳತೆಯ ಮಾತುಗಳೇ. ಅಳತೆ ಗೊತ್ತಿದ್ದವನಿಗೆ ಮೋಸ ಮಾಡುವುದು ಕಷ್ಟ.

ಗಣಿಯೊಳಗಿನ ಪ್ರಯೋಗಾಲಯ 1990ರ ದಶಕದ ಆರಂಭದಲ್ಲಿ ಮುಚ್ಚಿತು. ಗಣಿಯೇ 2001ರ ಫೆಬ್ರವರಿ 28ರಂದು ಮುಚ್ಚಿತು. ಅದು ರಾಮನ್ ಪರಿಣಾಮದ ನೆನಪಿಗಾಗಿ ನಾವು ಆಚರಿಸುವ ರಾಷ್ಟ್ರೀಯ ವಿಜ್ಞಾನ ದಿನವೂ ಹೌದು. ಅದರ ಬದಲಿಗೆ ತಮಿಳುನಾಡಿನ ಥೇಣಿ ಜಿಲ್ಲೆಯ ಬೆಟ್ಟದೊಳಗೆ ಹೊಸ ನ್ಯೂಟ್ರಿನೋ ಪ್ರಯೋಗಾಲಯಕ್ಕೆ 2015ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಲ್ಲಿನ ಜನಕ್ಕೆ ನೀರು, ಕಾಡು, ಬೆಟ್ಟದ ಬಗ್ಗೆ ಆತಂಕ ಬಂತು. ವಿರೋಧ, ಕೋರ್ಟು ಎಂದು ಕೆಲಸ ನಿಂತಿತು. ಯಾರು ಸರಿ ಎಂದು ತೀರ್ಪು ಕೊಡಲು ನಾನು ಇಲ್ಲಿ ನಿಂತಿಲ್ಲ. ಊರಿನವರಿಗೆ ಅವರ ಭಾಷೆಯಲ್ಲಿ, ಅವರ ಶಾಲೆಯಲ್ಲಿ, ಕೆಲಸ ಶುರುವಾಗುವ ಎಷ್ಟೋ ಮೊದಲೇ ಹೇಳಬೇಕು, ಅವರ ಪ್ರಶ್ನೆಗೆ ಉತ್ತರ ಕೊಡಬೇಕು. ಆ ಪ್ರಶ್ನೆ ಕೇಳುವ ಶಕ್ತಿ ಬರುವುದೂ ಇಂಥ ಶಾಲೆಗಳಿಂದಲೇ.

ಒಂದು ಕೋರಿಕೆ

ಈ ಶಾಲೆಯಲ್ಲಿ ನಮಗೆ ಓಮ್ ನಿಯಮದ ಪ್ರಯೋಗ ಮಾಡಿಸಿದ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: "ಮುಳ್ಳು ಎಲ್ಲಿ ನಿಂತಿದೆಯೋ ಅಷ್ಟೇ ಬರೆ. ಪುಸ್ತಕದ ಉತ್ತರ ಪುಸ್ತಕದಲ್ಲೇ ಇರಲಿ." ನಾಲ್ಕು ಬ್ಯಾಟರಿ ಸೆಲ್ಲು, ಒಂದು ಅಮ್ಮೀಟರು, ಒಂದು ವೋಲ್ಟ್ ಮೀಟರು. ನನಗೆ ಈ ಕಸುಬಿನ ಮೊದಲ ಪಾಠ ಆದದ್ದು ಆ ಮೇಜಿನ ಮೇಲೆ. ಮುಂದೆ ಓದಿದ ಯಾವ ಕಾಲೇಜಿನಲ್ಲೂ ಅದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ.

ನಿನ್ನೆ ಸಂಜೆ ಮುಖ್ಯೋಪಾಧ್ಯಾಯಿನಿಯವರ ಜೊತೆ ಪ್ರಯೋಗಾಲಯದ ಕೊಠಡಿ ನೋಡಿದೆ. ಬೀರುವಿನಲ್ಲಿ ಸಾಮಾನು ಇದೆ. ಮೂರು ವೋಲ್ಟ್ ಮೀಟರಿನಲ್ಲಿ ಎರಡರ ಮುಳ್ಳು ಅಲ್ಲಾಡುವುದಿಲ್ಲ. ವಿಜ್ಞಾನ ಹೇಳುವವರು ಒಬ್ಬರೇ, ಗಣಿತವೂ ಅವರದ್ದೇ. ಪ್ರಯೋಗಕ್ಕೆ ಬೇಕಾದ ಪೀರಿಯಡ್ಡು ಎಲ್ಲಿಂದ ತರಬೇಕು ಅವರು?

ಹಳೆಯ ವಿದ್ಯಾರ್ಥಿಗಳ ಸಂಘ ಸುವರ್ಣ ಮಹೋತ್ಸವದ ನೆನಪಿಗೆ ಹಣ ಕೂಡಿಸಿದೆ. ರಸ್ತೆಯ ಬದಿಗೆ ಮಹಾದ್ವಾರ ಕಟ್ಟುವ ಯೋಚನೆ ಇದೆ ಎಂದು ಕೇಳಿದೆ. ದ್ವಾರ ಬೇಡ ಎನ್ನುವುದಿಲ್ಲ, ಊರಿಗೆ ಶೋಭೆ ಅದು. ಆದರೆ ಅದರಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿಟ್ಟು, ಬಡ್ಡಿಯಿಂದ ಪ್ರತಿ ವರ್ಷ ಸೆಲ್ಲು, ತಂತಿ, ಮೀಟರು, ಮಸೂರ ಕೊಂಡುಕೊಳ್ಳೋಣ. ವಾರಕ್ಕೆ ಎರಡು ದಿನ ಪ್ರಯೋಗ ಮಾಡಿಸಲು ಊರಿನ ಒಬ್ಬ ಬಿ.ಎಸ್ಸಿ. ಓದಿದ ಹುಡುಗನಿಗೋ ಹುಡುಗಿಗೋ ಗೌರವಧನ ಕೊಡೋಣ. ನನ್ನ ಪಾಲನ್ನು ಸಂಘದ ಖಜಾಂಚಿಯವರ ಕೈಗೆ ಇವತ್ತೇ ಕೊಟ್ಟಿದ್ದೇನೆ. ಡ್ರೈ ಐಸು, ಸ್ಪಿರಿಟ್ಟು, ಒಂದು ಗಾಜಿನ ತೊಟ್ಟಿ ಇದ್ದರೆ ಮ್ಯುಯಾನಿನ ಜಾಡನ್ನು ಕಣ್ಣಾರೆ ತೋರಿಸಬಹುದು. ಮುಂದಿನ ಫೆಬ್ರವರಿ 28ಕ್ಕೆ ಬಂದು ಅದನ್ನು ಇಲ್ಲೇ, ಈ ಅಂಗಳದಲ್ಲೇ, ಮಕ್ಕಳ ಕೈಯಿಂದಲೇ ಮಾಡಿಸುತ್ತೇನೆ. ಊರಿನವರೂ ಬನ್ನಿ.

ತಂದೆತಾಯಿಯರಲ್ಲಿ ಒಂದು ಮಾತು. ಮಗ ಅಥವಾ ಮಗಳು ಬಿ.ಎಸ್ಸಿ. ಭೌತಶಾಸ್ತ್ರ ಓದುತ್ತೇನೆ ಎಂದರೆ ಕೂಡಲೇ ಬೇಡ ಎನ್ನಬೇಡಿ. ಈ ದಾರಿಯಲ್ಲಿ ಸಂಬಳ ತಡವಾಗಿ ಬರುತ್ತದೆ, ಅದು ನಿಜ, ಮನೆಯ ಕಷ್ಟ ನೋಡಿಕೊಂಡೇ ತೀರ್ಮಾನ ಮಾಡಿ. ಆದರೆ ಇದು ನಮ್ಮಂಥವರ ಮಕ್ಕಳಿಗೆ ಅಲ್ಲ ಎಂಬ ಕಾರಣಕ್ಕೆ ಬೇಡ ಎನ್ನಬೇಡಿ. ಇದು ನಮ್ಮ ನೆಲದ ಕೆಳಗೇ ನಡೆದ ವಿದ್ಯೆ.

ಮಕ್ಕಳೆ, ಇಷ್ಟು ಹೊತ್ತು ಅಲ್ಲಾಡದೆ ಕೇಳಿದ್ದೀರಿ. ಊಟಕ್ಕೆ ಹೊತ್ತಾಯಿತು. ಪ್ರಶ್ನೆ ಇದ್ದವರು ಊಟದ ನಂತರ ಏಳನೆಯ ಕೊಠಡಿಗೆ ಬನ್ನಿ, ಸಂಜೆಯವರೆಗೆ ಅಲ್ಲೇ ಇರುತ್ತೇನೆ.